ಪಾರ್ಕಿನ್ಸನ್ ಕೂಡ ಹಂಟಿಂಗ್ಟನ್ ತರಾನಾ?

"ಹಂಟಿಂಗ್ಟನ್ ರೋಗ ಜೀನ್ ಉದ್ದವಾಗಿ ಬರುತ್ತಂತೆ. ಪಾರ್ಕಿನ್ಸನ್ನೂ ಹಾಗೇನಾ?" ಜೀನ್‌ಗಳ ಬಗ್ಗೆ ಬರೆಯಲು ಶುರು ಮಾಡಿದಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಹಂಟಿಂಗ್ಟನ್ ಅಂದರೆ ಕೈಕಾಲು ತಾನಾಗಿ ಕುಣಿಯುವ, ವಂಶದಲ್ಲಿ ಬರುವ ಮಿದುಳಿನ ಕಾಯಿಲೆ. ಹೆಚ್ಚಿನ ಪಾರ್ಕಿನ್ಸನ್ ರೋಗಿಗಳ ಮಟ್ಟಿಗೆ ಉತ್ತರ, ಅಲ್ಲ. ಆದರೆ ಅಷ್ಟು ಹೇಳಿ ಸುಮ್ನಾಗಲು ಮನಸ್ಸು ಬರುವುದಿಲ್ಲ.

ಡಿಎನ್‌ಎ ನಾಲ್ಕೇ ಅಕ್ಷರಗಳ ಬರಹ. ಅಲ್ಲಲ್ಲಿ ಅದು ತೊದಲುತ್ತದೆ: ಸಿಎಜಿ, ಸಿಎಜಿ, ಸಿಎಜಿ ಅಂತ. ಇದು ನಮ್ಮೆಲ್ಲರಲ್ಲೂ ಇದೆ, ತೊಂದರೆಯೇನಿಲ್ಲ. ತೊದಲು ಬೆಳೆದಾಗ ಕಷ್ಟ. ಹಂಟಿಂಗ್ಟನ್ ಜೀನ್ 1993ರಲ್ಲಿ ಸಿಕ್ಕಿತು. ಅದರಲ್ಲಿ ಸಿಎಜಿ ತೊದಲು 40 ಸಲ ಮುಟ್ಟಿದರೆ, ಆಯಸ್ಸು ಗಟ್ಟಿಯಿದ್ದವರಿಗೆ ರೋಗ ತಪ್ಪಿದ್ದಲ್ಲ.

ಪಾರ್ಕಿನ್ಸನ್‌ಗೆ ಇಂಥ ಒಂದು ಗೆರೆ ಇಲ್ಲ. ಅದರ ಜೊತೆ ಹೆಚ್ಚಾಗಿ ಕೇಳಿಬರುವ ಎಲ್‌ಆರ್‌ಆರ್‌ಕೆ2, ಜಿಬಿಎ1 ಜೀನ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದು ಅಕ್ಷರದ ಬದಲಾವಣೆ, ತೊದಲಲ್ಲ.

ನನ್ನ ತಲೆ ಕೆಡಿಸಿದ್ದು ಅಟಾಕ್ಸಿನ್-2 ಜೀನ್. ಇದರಲ್ಲಿ ಸಾಮಾನ್ಯವಾಗಿ 22 ತೊದಲು. ಸುಮಾರು 33 ಮುಟ್ಟಿದರೆ ಎಸ್‌ಸಿಎ2 ಅನ್ನುವ ಕಾಯಿಲೆ: ನಡಿಗೆ ತೂರಾಡುತ್ತದೆ, ಮಾತು ತೊಡರುತ್ತದೆ. ಆದರೆ ಕೆಲವು ಕುಟುಂಬಗಳಲ್ಲಿ ಇದೇ ಜೀನ್ ಉದ್ದವಾಗಿದ್ದರೂ ಬಂದದ್ದು ಅಪ್ಪಟ ಪಾರ್ಕಿನ್ಸನ್‌ನಂಥದ್ದೇ. ಕೈ ನಡುಕ, ಮೈ ಬಿಗಿತ, ಪಾರ್ಕಿನ್ಸನ್‌ನ ಔಷಧ ಲೆವೊಡೋಪಾ ಕೊಟ್ಟರೆ ಸುಧಾರಣೆ. ಅವರ ಜೀನ್ ಬಿಡಿಸಿ ಓದಿದರೆ ಸಿಎಜಿಗಳ ಮಧ್ಯೆ ಮಧ್ಯೆ ಸಿಎಎ! ತಮಾಷೆ ನೋಡಿ, ಎರಡೂ ಕೊಡುವುದು ಗ್ಲುಟಮಿನ್ ಎಂಬ ಒಂದೇ ಅಮೈನೊ ಆಮ್ಲವನ್ನು. ಅಂದರೆ ತಯಾರಾಗುವ ಪ್ರೋಟೀನ್ ಬದಲಾಗಲೇ ಇಲ್ಲ, ರೋಗದ ಮುಖ ಬದಲಾಯಿತು. ಹಾಗಾದರೆ ಪ್ರೋಟೀನ್ ಒಂದೇ ಅಪರಾಧಿ ಆಗಿರಲಾರದು ಅಲ್ವಾ? ನಡುವೆ ಸಿಎಎ ಬಂದಾಗ ಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್‌ನಿಂದ ತೆಗೆದ ನಕಲು) ಮಡಚಿಕೊಳ್ಳುವ ರೀತಿ ಬೇರೆಯಾಗುತ್ತದೆ, ತಲೆಮಾರಿನಿಂದ ತಲೆಮಾರಿಗೆ ತೊದಲು ಬೆಳೆಯುವುದೂ ಕಡಿಮೆಯಾಗುತ್ತದೆ. ನನ್ನ ಅನುಮಾನ ಆ ಕಡೆಗೇ.

ಫಿಲಿಪೀನ್ಸ್‌ನ ಪನಾಯ್ ದ್ವೀಪದಲ್ಲಿ ಇನ್ನೊಂದು ಕಾಯಿಲೆ ಇದೆ. ಮೊದಲು ಮೈ ತಿರುಚುತ್ತದೆ, ಆಮೇಲೆ ಪಾರ್ಕಿನ್ಸನ್ ಲಕ್ಷಣ. ಟಿಎಎಫ್1 ಜೀನ್‌ನೊಳಗೆ ನುಗ್ಗಿ ಕೂತ ಡಿಎನ್‌ಎ ತುಂಡೊಂದರಲ್ಲಿ ಆರಕ್ಷರದ ತೊದಲಿದೆ. ಅದು ಉದ್ದವಾದಷ್ಟೂ ರೋಗ ಬೇಗ ಶುರು. ಎಫ್‌ಎಮ್‌ಆರ್1 ಜೀನ್‌ನಲ್ಲಿ 55ರಿಂದ 200 ತೊದಲು ಇರುವ ಕೆಲವರಿಗೆ ವಯಸ್ಸಾದ ಮೇಲೆ ನಡುಕ ಬರುತ್ತದೆ, ಅದನ್ನು ಪಾರ್ಕಿನ್ಸನ್ ಅಂದುಕೊಳ್ಳುವುದೂ ಉಂಟು.

ಇಷ್ಟಾದ ಮೇಲೆ ಕೇಳುವುದು, "ಟೆಸ್ಟ್ ಮಾಡಿಸಲಾ?" ಮನೆಯಲ್ಲಿ ಒಬ್ಬರಿಗೆ ಇಳಿವಯಸ್ಸಿನಲ್ಲಿ ಬಂದಿದ್ದರೆ ಈ ತೊದಲುಗಳ ಹಿಂದೆ ಬೀಳಬೇಡಿ. ಹಲವು ತಲೆಮಾರಿನಲ್ಲಿ ನಡುಕದ ಜೊತೆ ತೂರಾಟವೂ ಕಂಡಿದ್ದರೆ ಡಾಕ್ಟರಿಗೆ ಹೇಳಿ. ಆಗ "ರಿಪೀಟ್, ಅಂದರೆ ಈ ತೊದಲು, ಎಣಿಸುವ ಟೆಸ್ಟ್ ಇದರಲ್ಲಿ ಸೇರಿದೆಯಾ?" ಅಂತಲೂ ಕೇಳಿ. ಮಾಮೂಲಿ ಸೀಕ್ವೆನ್ಸಿಂಗ್ ಒಂದು ಸಲಕ್ಕೆ ಓದುವುದು ಸುಮಾರು 150 ಅಕ್ಷರ. ಉದ್ದದ ತೊದಲು ಅದರ ಕಣ್ಣಿಗೆ ಬೀಳದೆ ಹೋಗಬಹುದು.