ಕುದುರೆಗೂ ಶುಗರ್ ಬರುತ್ತಾ?

ನಾನು ಕುದುರೆ ಡಾಕ್ಟರ್ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಪಂಕ್ತಿಯಲ್ಲೂ ಯಾರಾದರೂ ಕೇಳುತ್ತಾರೆ: "ಡಾಕ್ಟ್ರೇ, ಕುದುರೆಗೂ ಶುಗರ್ ಬರುತ್ತಾ?" ಅರ್ಧ ತಮಾಷೆ, ಅರ್ಧ ಕುತೂಹಲ. ಕೇಳುವವರ ಎಲೆಯಲ್ಲಿ ಹೋಳಿಗೆ ಇರುವುದಿಲ್ಲ, ಅದನ್ನೂ ಗಮನಿಸಿದ್ದೇನೆ.

ನಮಗೆ ಬರುವ ಥರದ ಶುಗರ್ ಕುದುರೆಗೆ ಬರುವುದು ತೀರಾ ಅಪರೂಪ. ಆದರೆ ಅದರ ದಾಯಾದಿ ಒಂದಿದೆ. ಅದು ಅಪರೂಪವಲ್ಲ, ಮತ್ತು ಅದು ಹಿಡಿಯುವುದು ಕಾಲನ್ನು.

ನಮಗೆ ಶುಗರ್ ಬರುವಾಗ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ದೇಹ ಮೊದಲು ಬಗ್ಗುವುದನ್ನು ಬಿಡುತ್ತದೆ. ಪ್ಯಾಂಕ್ರಿಯಾಸ್ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ವರ್ಷಗಟ್ಟಲೆ ಹೀಗೆ ದುಡಿದು ಅದು ಸೋತಾಗ ರಕ್ತದಲ್ಲಿ ಸಕ್ಕರೆ ಏರುತ್ತದೆ. ಕುದುರೆಯ ಪ್ಯಾಂಕ್ರಿಯಾಸ್ ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಸುರಿಯುತ್ತಲೇ ಇರುತ್ತದೆ. ಹಾಗಾಗಿ ಮನೆಯ ಗ್ಲುಕೋಮೀಟರಿನಲ್ಲಿ ಚುಚ್ಚಿ ನೋಡಿದರೆ 90, 95 ಅಂತ ಬರುತ್ತದೆ. ಮಾಲೀಕರು ನಿರಾಳ. ಅದೇ ರಕ್ತದಲ್ಲಿ ಇನ್ಸುಲಿನ್ ಮಾತ್ರ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರಬಹುದು. ಬೊಜ್ಜು, ಇನ್ಸುಲಿನ್ ಏರುಪೇರು, ಕಾಲುನೋವು ಒಟ್ಟಿಗೆ ಬರುವ ಈ ಗುಂಪಿಗೆ 2002ರಿಂದೀಚೆಗೆ ಎಕ್ವೈನ್ ಮೆಟಬಾಲಿಕ್ ಸಿಂಡ್ರೋಮ್ ಅನ್ನುತ್ತೇವೆ.

ಇಲ್ಲಿ ತೊಂದರೆ ಕೊಡುವುದು ಸಕ್ಕರೆ ಅಲ್ಲ, ಇನ್ಸುಲಿನ್ನೇ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ಪೋನಿಗಳಿಗೆ, ಅಂದರೆ ಗಿಡ್ಡ ಜಾತಿಯ ಕುದುರೆಗಳಿಗೆ, ಸತತವಾಗಿ ಇನ್ಸುಲಿನ್ ಹನಿಸಿದರು. ಜೊತೆಗೆ ಗ್ಲುಕೋಸ್ ಕೊಟ್ಟು ರಕ್ತದ ಸಕ್ಕರೆ ಇಳಿಯದ ಹಾಗೆ ನೋಡಿಕೊಂಡರು. 72 ಗಂಟೆಯೊಳಗೆ ಆ ಪೋನಿಗಳಿಗೆ ನಾಲ್ಕೂ ಕಾಲಲ್ಲಿ ಲ್ಯಾಮಿನೈಟಿಸ್ ಬಂತು. ಸಕ್ಕರೆ ನಾರ್ಮಲ್, ಕಾಲು ಮಾತ್ರ ಹೋಯಿತು. ಪಾಪದ ಪ್ರಾಣಿಗಳು, ನಿಜ. ಆದರೆ ನಮ್ಮ ಯೋಚನೆಯ ದಿಕ್ಕೇ ಬದಲಾದದ್ದು ಅಲ್ಲಿಂದ.

ಲ್ಯಾಮಿನೈಟಿಸ್ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಗೊರಸಿನ ಒಳಗೊಂದು ಮೂಳೆ ಇದೆ. ಅದು ಗೊರಸಿನ ತಳದ ಮೇಲೆ ಕೂತಿಲ್ಲ, ಗೊರಸಿನ ಗೋಡೆಗೆ ನೇತುಬಿದ್ದಿದೆ. ಹಿಡಿದಿರುವುದು ಸುಮಾರು 550ರಿಂದ 600 ತೆಳು ಪದರಗಳು, ಒಂದರೊಳಗೊಂದು ಹೆಣೆದುಕೊಂಡು. 400 ಕೆ.ಜಿ. ಪ್ರಾಣಿಯ ಭಾರವೆಲ್ಲ ಇವುಗಳ ಮೇಲೆ. ಇನ್ಸುಲಿನ್ ಜಾಸ್ತಿಯಾದರೆ ಈ ಪದರಗಳು ಎಳೆದುಕೊಂಡು ಉದ್ದವಾಗುತ್ತವೆ, ಹಿಡಿತ ಸಡಿಲವಾಗುತ್ತದೆ. ಮೂಳೆ ಮುಂದಕ್ಕೆ ವಾಲುತ್ತದೆ. ಕೈಮೀರಿದರೆ ಅಂಗಾಲನ್ನೇ ಒತ್ತಿ ತೂರುತ್ತದೆ.

ಇದು ಮುಂಚೆಯೇ ಗೊತ್ತಾಗುತ್ತದೆ, ನೋಡಬೇಕಾದ ಕಡೆ ನೋಡಿದರೆ. ಜೂಲಿನ ಕೆಳಗೆ ಕತ್ತನ್ನು ಹಿಡಿದು ನೋಡಿ. ಕೊಬ್ಬು ದಪ್ಪಗೆ, ಗಟ್ಟಿಯಾಗಿ ದಿಂಡು ಕಟ್ಟಿದೆಯಾ? ಎಷ್ಟೋ ಜನ ಅದನ್ನು "ಒಳ್ಳೇ ಮೈಕಟ್ಟು" ಅಂತ ಮೆಚ್ಚಿಕೊಳ್ಳುತ್ತಾರೆ, ನನಗೆ ಅದೇ ಸಿಟ್ಟು. ಆಮೇಲೆ ಗೊರಸಿನ ಗೆರೆಗಳು. ಗೆರೆಗಳ ನಡುವಿನ ಅಂತರ ಮುಂದೆ ಕಿರಿದಾಗಿ ಹಿಮ್ಮಡಿ ಕಡೆ ಅಗಲವಾಗಿದ್ದರೆ ಹಳೇ ಲ್ಯಾಮಿನೈಟಿಸ್ ಗುರುತು. ಲಾಳ ಹೊಡೆಯುವವರ ಕಣ್ಣಿಗೆ ಇದು ನಮಗಿಂತ ಮೊದಲು ಬೀಳುತ್ತದೆ, ಅವರನ್ನು ಕೇಳಿ. ನೋವು ಶುರುವಾದಾಗ ಕುದುರೆ ಮುಂಗಾಲು ಮುಂದೆ ಚಾಚಿ, ಭಾರ ಹಿಂದೆ ಹಾಕಿ ನಿಲ್ಲುತ್ತದೆ. ತಿರುಗಿಸಿದರೆ ಕೆಂಡ ತುಳಿದವರ ಹಾಗೆ ಹೆಜ್ಜೆ ಇಡುತ್ತದೆ. ಕೀಲಿಗಿಂತ ಕೆಳಗೆ, ಗೊರಸಿಗಿಂತ ಮೇಲೆ ಬೆರಳಿಟ್ಟರೆ ಸಾಮಾನ್ಯವಾಗಿ ಸಿಕ್ಕೂ ಸಿಗದ ನಾಡಿ ಆಗ ದಬದಬ ಹೊಡೆಯುತ್ತಿರುತ್ತದೆ. ಅವತ್ತು ನಾಳೆ ನೋಡೋಣ ಅನ್ನಬೇಡಿ.

ಯಾವ ಕುದುರೆಗೆ ಬರುತ್ತದೆ? ದಿನಾ ಓಡುವ ರೇಸ್ ಕುದುರೆಗೆ ಭಯ ಕಡಿಮೆ. ಬಡ ಹುಲ್ಲಿನಲ್ಲೇ ಬದುಕಲು ಹುಟ್ಟಿದ ಪೋನಿ, ಕತ್ತೆ, ಅರಬ್ಬಿ ಕುದುರೆಗಳಿಗೆ ಜಾಸ್ತಿ. ಕೆಲಸವಿಲ್ಲದೆ ಲಾಯದಲ್ಲಿ ನಿಂತು ಪ್ರೀತಿಯಿಂದ ತಿನ್ನಿಸಿಕೊಳ್ಳುವವಕ್ಕೆ ಇನ್ನೂ ಜಾಸ್ತಿ. ಬ್ರಿಟನ್ನಿನಲ್ಲಿ ವಸಂತದ ಹುಲ್ಲು ಚಿಗುರಿದಾಗ ಪೋನಿಗಳ ಬಾಯಿಗೆ ಕುಕ್ಕೆ ಕಟ್ಟಿ ಮೇಯಲು ಬಿಡುತ್ತಾರೆ, ನಮ್ಮಲ್ಲಿ ಒಕ್ಕಣೆ ಹೊತ್ತಿಗೆ ಎತ್ತಿಗೆ ಕಟ್ಟುತ್ತಿದ್ದಂಥದ್ದೇ. ನಮ್ಮಲ್ಲಿ ತೊಂದರೆ ಹುಲ್ಲಿಗಿಂತ ಹೆಚ್ಚಾಗಿ ಬೆಲ್ಲ, ಬೂಸಾ, ಓಟ್ಸಿನದು. ಜಟಕಾ ಎಳೆಯುವ ಕುದುರೆಗೆ ಹುರುಳಿ ಬೇಕು. ಸುಮ್ನೆ ನಿಂತಿರುವುದಕ್ಕೆ ಅಷ್ಟೇ ಹುರುಳಿ ಯಾಕೆ?

ಹದಿನೈದು ದಾಟಿದ ಕುದುರೆಗೆ ಇನ್ನೊಂದು ಕಾಯಿಲೆ ಇದೆ, ಕುಶಿಂಗ್ಸ್. ಮೂಲ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ. ಬೇಸಿಗೆಯಲ್ಲೂ ಉದ್ದ ಕೂದಲು ಉದುರುವುದಿಲ್ಲ, ಬೆನ್ನಿನ ಮಾಂಸ ಕರಗುತ್ತದೆ, ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತದೆ. "ಶುಗರ್ ಇರಬೇಕು" ಅಂತ ಜನ ಅನ್ನುವುದು ಇದನ್ನು ನೋಡಿಯೇ. ಇದಕ್ಕೆ ಪರ್ಗೊಲೈಡ್ ಮಾತ್ರೆ ಇದೆ, ಹಿಂದೆ ಪಾರ್ಕಿನ್ಸನ್ ರೋಗಿಗಳಿಗೆ ಕೊಡುತ್ತಿದ್ದದ್ದು.

ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: "ನಾನು ತಗೊಳ್ಳೋ ಮೆಟ್‌ಫಾರ್ಮಿನ್ ಕೊಡಬಹುದಾ?" ಕೊಟ್ಟರೂ ಕುದುರೆಯ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮನುಷ್ಯರ ಹೊಸ ಶುಗರ್ ಮಾತ್ರೆಗಳಲ್ಲಿ ಎರ್ಟುಗ್ಲಿಫ್ಲೋಜಿನ್ ಥರದವು ಇನ್ಸುಲಿನ್ ಇಳಿಸುತ್ತವೆ, ಆದರೆ ರಕ್ತದಲ್ಲಿ ಕೊಬ್ಬು ಏರಿಸಬಹುದು. ಡಾಕ್ಟರ್ ಪರೀಕ್ಷೆ ಮಾಡುತ್ತಾ ಕೊಡುವ ಔಷಧಿ ಅದು, ಅಜ್ಜನ ಡಬ್ಬಿಯಿಂದ ತೆಗೆದುಕೊಡುವುದಲ್ಲ.

ನಿಜವಾದ ಔಷಧಿ ಮೇವು. ದಪ್ಪಗಿರುವ ಕುದುರೆಗೆ ದಿನಕ್ಕೆ ತೂಕದ ನೂರಕ್ಕೆ ಒಂದೂವರೆ ಪಾಲು ಒಣಹುಲ್ಲು, ಅಂದರೆ 400 ಕೆ.ಜಿ. ಕುದುರೆಗೆ 6 ಕೆ.ಜಿ. ತೂಗಿ ಕೊಡಿ, ಕಣ್ಣಳತೆ ಬೇಡ. ಹುಲ್ಲನ್ನು ಮುಕ್ಕಾಲು ಗಂಟೆ ನೀರಲ್ಲಿ ನೆನೆಸಿದರೆ ಸಕ್ಕರೆ ಒಂದಷ್ಟು ಇಳಿಯುತ್ತದೆ, ಆ ನೀರು ಚೆಲ್ಲಿ. ಉಪವಾಸ ಮಾತ್ರ ಹಾಕಬೇಡಿ. ದಪ್ಪ ಪೋನಿಯನ್ನು ಹಸಿವಿಗೆ ಕೆಡವಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕಿಳಿದು ಪ್ರಾಣಕ್ಕೇ ಬರಬಹುದು. ಕಾಲುನೋವು ಇಲ್ಲದಿದ್ದರೆ ಚೆನ್ನಾಗಿ ನಡೆಸಿ, ಓಡಿಸಿ. ನೋವಿದ್ದರೆ ಮೆತ್ತನೆ ನೆಲದಲ್ಲಿ ನಿಲ್ಲಿಸಿ, ನಮ್ಮನ್ನು ಕರೆಯಿರಿ. ಬಂದವರ ಹತ್ತಿರ ಗ್ಲುಕೋಸ್ ಅಲ್ಲ, ಇನ್ಸುಲಿನ್ ಟೆಸ್ಟ್ ಮಾಡಿಸಿ ಅಂತ ಕೇಳಿ.