ತುಕ್ಕು ಬಿಡಿಸೋಕೆ ಆಸಿಡ್ ಹಾಕಿದ್ರೆ ಆಗಲ್ವಾ?

ಹಳೇ ಕೈ ಉಪಕರಣಗಳನ್ನು ಹಸನು ಮಾಡುತ್ತೇನೆ ಅಂತ ಗೊತ್ತಾದ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆ ಬಹುತೇಕ ಒಂದೇ. ಅಟ್ಟದ ಮೇಲೆ ಅಜ್ಜನ ಕಾಲದ ಉಳಿ, ಬಾಚಿ, ಗರಗಸ ಸಿಕ್ಕಿರುತ್ತವೆ. ಇಲ್ಲಾ ಹೊಲದ ಮನೆಯಲ್ಲಿ ಕುಡುಗೋಲು, ಕೊಡಲಿ ಕೆಂಪಗಾಗಿ ಬಿದ್ದಿರುತ್ತವೆ. ಒಂದು ಫೋಟೋ ಕಳಿಸಿ, "ಅಣ್ಣಾ, ಬಾತ್‌ರೂಮ್ ತೊಳೆಯೋ ಆಸಿಡ್ ಹಾಕಿದ್ರೆ ಬೇಗ ಹೋಗುತ್ತಲ್ವಾ?" ಅಂತಾರೆ.

ಹೋಗುತ್ತದೆ. ಬೇಗನೇ ಹೋಗುತ್ತದೆ. ಆದರೂ ಹಾಕಬೇಡಿ.

ಆ ಬಾಟಲಿಯಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ತಿಂದು ಮುಗಿಸಿ ಅದು ಸುಮ್ಮನಾಗುವುದಿಲ್ಲ, ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ನೀವು ಉಳಿಸಬೇಕು ಅಂದುಕೊಂಡ ಅಲಗೇ ಮೊದಲು ಸವೆಯುತ್ತದೆ. ತೊಳೆದು ಒರೆಸಿದರೂ ತುಕ್ಕು ಕೊರೆದ ಸಣ್ಣ ಗುಳಿಗಳೊಳಗೆ ಕ್ಲೋರೈಡ್ ಉಳಿದುಬಿಡುತ್ತದೆ. ಸ್ವಲ್ಪ ತೇವ ಸಿಕ್ಕರೆ ಸಾಕು, ಅಲ್ಲಿಂದಲೇ ಮತ್ತೆ ತುಕ್ಕು ಏಳುತ್ತದೆ. ಇನ್ನು ಅದರ ಹೊಗೆ. ಅದೇ ಕೋಣೆಯಲ್ಲಿ ಚೆನ್ನಾಗಿದ್ದ ಸುತ್ತಿಗೆ, ಸ್ಪ್ಯಾನರ್ ಇದ್ದರೆ ಅವಕ್ಕೂ ತುಕ್ಕು ಹಿಡಿಸುತ್ತದೆ. ಗರಗಸದಂಥ ಗಟ್ಟಿ ಹದದ ಉಕ್ಕು ಆಸಿಡ್‌ನಲ್ಲಿ ಹೈಡ್ರೋಜನ್ ಹೀರಿಕೊಂಡು ಪೆಡಸಾಗುವುದೂ ಉಂಟು. ಆಮೇಲೆ ಬಗ್ಗಿಸಿದರೆ ಲಟಕ್ ಅಂತ ಮುರಿಯುತ್ತದೆ. ಬ್ಲೀಚಿಂಗ್ ಪುಡಿ ಬಿದ್ದಿರುವ ಬಚ್ಚಲಿನಲ್ಲಿ ಈ ಆಸಿಡ್ ಸುರಿದರಂತೂ ಕ್ಲೋರಿನ್ ಗಾಳಿ ಏಳುತ್ತದೆ. ಅದು ಜೀವಕ್ಕೇ ಅಪಾಯ.

ಹಾಗಾದರೆ ಏನು ಹಾಕಬೇಕು? ನಿಂಬೆ ಉಪ್ಪು. ಕಿರಾಣಿ ಅಂಗಡಿಯಲ್ಲಿ ಕಾಗದದಲ್ಲಿ ಕಟ್ಟಿಕೊಡುತ್ತಾರಲ್ಲ, ಅದೇ ಸಿಟ್ರಿಕ್ ಆಸಿಡ್. ಒಂದು ಲೀಟರ್ ನೀರಿಗೆ 50ರಿಂದ 100 ಗ್ರಾಂ ಸಾಕು. ಹುಣಸೆಹಣ್ಣೂ ಕೆಲಸ ಮಾಡುತ್ತದೆ. ಹಿತ್ತಾಳೆ ಪಾತ್ರೆ ಉಜ್ಜಿದವರಿಗೆಲ್ಲ ಅದರ ಶಕ್ತಿ ಗೊತ್ತು. ಅದರಲ್ಲಿರುವುದು ಟಾರ್ಟಾರಿಕ್ ಆಸಿಡ್. ವಿನೆಗರ್ ಕೂಡ ಆಗುತ್ತದೆ. ಆದರೆ ಒಂದು ಬಕೆಟ್ ತುಂಬುವಷ್ಟು ಹುಣಸೆಹಣ್ಣು ಕಿವುಚುವ ಬದಲು ನಿಂಬೆ ಉಪ್ಪು ಸುಲಭ, ಅಗ್ಗ. ನಾನು ಅದನ್ನೇ ಬಳಸುವುದು.

ಒಂದು ಉಳಿಯನ್ನೇ ತೆಗೆದುಕೊಳ್ಳಿ. ಮೊದಲು ಹಿಡಿ ಬಿಚ್ಚಿ. ಮರ ನೀರು ಕುಡಿಯಬಾರದು. ಸೋಪಿನ ನೀರಿನಲ್ಲಿ ಜಿಡ್ಡು ತೊಳೆಯಿರಿ. ಜಿಡ್ಡು ಇದ್ದ ಕಡೆ ನಿಂಬೆ ಉಪ್ಪಿನ ನೀರು ಒಳಗೆ ಇಳಿಯುವುದಿಲ್ಲ, ಅಲ್ಲಿ ತುಕ್ಕು ಮಚ್ಚೆಮಚ್ಚೆಯಾಗಿ ಉಳಿಯುತ್ತದೆ. ವೈರ್ ಬ್ರಷ್‌ನಿಂದ ಸಡಿಲ ಹೊಪ್ಪಳೆ ಉದುರಿಸಿ, ಆಮೇಲೆ ಪೂರ್ತಿ ಮುಳುಗುವಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಅರ್ಧ ಮುಳುಗಿಸಿದರೆ ನೀರಿನ ಅಂಚಿನಲ್ಲಿ ಗೆರೆ ಕೊರೆದುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆಗಳು ಏಳುತ್ತವೆ. ಒಂದೆರಡು ಗಂಟೆಗೊಮ್ಮೆ ಎತ್ತಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ನೋಡಿ. ಕೆಂಪು ಹೋಗಿ ಕರಿ ಮಸಿಯಂಥದ್ದು ಬ್ರಷ್‌ಗೆ ಹತ್ತುತ್ತದೆ, ಅದರ ಅಡಿಯಲ್ಲಿ ಬೂದು ಬಣ್ಣದ ಉಕ್ಕು. ಅಲಗಿನ ಬುಡದ ಹತ್ತಿರ ಉಜ್ಜುವಾಗ ನಿಧಾನ ಮಾಡಿ. ತಯಾರಿಸಿದವರ ಮುದ್ರೆ ಇರುವುದು ಅಲ್ಲೇ. ಒಂದೊಂದೇ ಅಕ್ಷರ ಎದ್ದು ಬರುವುದನ್ನು ನೋಡುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಗ್ರೈಂಡರ್ ಹಿಡಿದಿದ್ದರೆ ಮೊದಲು ಅಳಿಸಿಹೋಗುತ್ತಿದ್ದುದೇ ಆ ಅಕ್ಷರಗಳು. ತೆಳು ತುಕ್ಕಾದರೆ ಕೆಲವು ಗಂಟೆ ಸಾಕು, ದಪ್ಪ ತುಕ್ಕಿಗೆ ಒಂದು ರಾತ್ರಿ. ಹಾಕಿ ಮರೆತು ಊರಿಗೆ ಹೋಗಬೇಡಿ. ನಿಂಬೆ ಉಪ್ಪೂ ನಿಧಾನಕ್ಕೆ ಕಬ್ಬಿಣ ತಿನ್ನುತ್ತದೆ.

ಹೆಚ್ಚಿನವರು ಸೋಲುವುದು ಇದಾದ ಮೇಲೆ. "ತುಕ್ಕೇನೋ ಹೋಯ್ತು ಸಾರ್, ಬೆಳಗ್ಗೆ ನೋಡಿದ್ರೆ ಮತ್ತೆ ಕೇಸರಿ ಬಣ್ಣ" ಅಂತಾರೆ. ಆಗಷ್ಟೇ ತುಕ್ಕು ಬಿಟ್ಟ ಕಬ್ಬಿಣಕ್ಕೆ ಯಾವ ಹೊದಿಕೆಯೂ ಇರುವುದಿಲ್ಲ. ಅದರ ಮೇಲೆ ಹುಳಿ ನೀರು ನಿಂತರೆ ಕಣ್ಣೆದುರೇ ಬಣ್ಣ ತಿರುಗುತ್ತದೆ. ಹಾಗಾಗಿ ನೀರಿನಿಂದ ಎತ್ತುವ ಮೊದಲೇ ಎಲ್ಲ ಪಕ್ಕದಲ್ಲಿರಲಿ: ಅಡುಗೆ ಸೋಡಾ ಕದಡಿದ ನೀರು, ಒಂದು ಪಾತ್ರೆ ಬಿಸಿನೀರು, ಒಣಬಟ್ಟೆ, ಎಣ್ಣೆ. ಸೋಡಾ ನೀರಿನಲ್ಲಿ ಅದ್ದಿದರೆ ಹುಳಿ ಮುರಿಯುತ್ತದೆ. ಆಮೇಲೆ ಕುದಿಯುವಂಥ ಬಿಸಿನೀರು ಸುರಿಯಿರಿ. ಕಬ್ಬಿಣ ಕಾದು, ಮೇಲಿನ ನೀರು ತಾನೇ ಆರುತ್ತದೆ. ಒರೆಸಿ, ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಸವರಿ. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಈ ಕೆಲಸ ಬಲು ಸಲೀಸು. ತಗಡಿನ ಮೇಲಿಟ್ಟರೆ ಸಂದುಗೊಂದಿನ ತೇವವೂ ಆರಿಹೋಗುತ್ತದೆ. ಮಳೆಗಾಲದ ಜುಲೈ, ಆಗಸ್ಟ್‌ನಲ್ಲಾದರೆ, ಇಡೀ ದಿನ ಕೈಗೆ ಸಿಗುವಂತಿದ್ದರಷ್ಟೇ ಶುರು ಮಾಡಿ.

ಎಲ್ಲವನ್ನೂ ಮುಳುಗಿಸಲೂ ಬಾರದು. ಗ್ಯಾಲ್ವನೈಸ್ ಆದ ಬಕೆಟ್, ತಂತಿ ಹಾಕಿದರೆ ಮೇಲಿನ ಸತುವೇ ಕರಗಿಹೋಗುತ್ತದೆ. ಕ್ರೋಮ್ ಎದ್ದಿರುವ ಸ್ಪ್ಯಾನರ್‌ಗಳಲ್ಲಿ ನೀರು ಅಡಿಗೆ ನುಗ್ಗಿ ಉಳಿದದ್ದೂ ಸಿಪ್ಪೆ ಏಳುತ್ತದೆ. ಗರಗಸವನ್ನು ಹಲಗೆಯ ಮೇಲೆ ಮಲಗಿಸಿ, ಸೀಮೆಎಣ್ಣೆ ಹಚ್ಚಿ, ಮರದ ತುಂಡಿಗೆ ಸುತ್ತಿದ ಎಮರಿ ಪೇಪರ್‌ನಿಂದ ಉದ್ದುದ್ದಕ್ಕೆ ಉಜ್ಜಿದರೆ ಸಾಕು. 220 ನಂಬರಿನ ಪೇಪರ್‌ನಿಂದ ಶುರು ಮಾಡಿ 400ಕ್ಕೆ ಮುಗಿಸಿ, ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಹಲ್ಲಿನ ಕಡೆ ಕೈ ತಾಗದಂತೆ ನೋಡಿಕೊಳ್ಳಿ. ಹಳೇ ಅರ ಇದ್ದರೆ ಧಾರಾಳವಾಗಿ ಮುಳುಗಿಸಿ. ತುಕ್ಕು ಹೋಗುವುದರ ಜತೆಗೆ ಹಲ್ಲು ತುಸು ಚುರುಕೂ ಆಗುತ್ತದೆ.

ಅಳತೆಯ ಸಾಮಾನುಗಳ ವಿಷಯ ಬೇರೆ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರ ಮಾಡುತ್ತಿತ್ತಲ್ಲ, ಅದರಿಂದಾಗಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಫಿಟ್ಟರ್, ಟರ್ನರ್ ಕೆಲಸ ಮಾಡಿದವರಿದ್ದಾರೆ. ಅಂಥ ಮನೆಗಳಲ್ಲಿ ವರ್ನಿಯರ್, ಮೈಕ್ರೋಮೀಟರ್, ಮೂಲೆಮಟ್ಟ ಇರುತ್ತವೆ. ಅವನ್ನು ಯಾವ ಹುಳಿಯಲ್ಲೂ ಹಾಕಬೇಡಿ, ಎಮರಿಯನ್ನೂ ತಾಗಿಸಬೇಡಿ. ನೂಲಿನಷ್ಟು ಸವೆದರೂ ಅಳತೆ ಹೋಯಿತು. ಸೀಮೆಎಣ್ಣೆ ಹಚ್ಚಿ ಒಂದು ದಿನ ಬಿಟ್ಟು, ಬಟ್ಟೆಯಿಂದ ಒರೆಸಿ. ಮತ್ತೆ ಹಚ್ಚಿ, ಮತ್ತೆ ಒರೆಸಿ. ಕಪ್ಪು ಕಲೆ ಉಳಿದರೆ ಉಳಿಯಲಿ, ಅದರಿಂದ ತೊಂದರೆ ಇಲ್ಲ.

ಬೆಂಚ್ ವೈಸ್, ದೊಡ್ಡ ಪೈಪ್ ಸ್ಪ್ಯಾನರ್ ಥರದ ತೂಕದ ಸಾಮಾನಿಗೆ ಬ್ಯಾಟರಿ ಚಾರ್ಜರ್ ದಾರಿ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್ ನೀರಿಗೆ ವಾಷಿಂಗ್ ಸೋಡಾ ಹಾಕಿ, ನಾಲ್ಕು ಲೀಟರ್‌ಗೆ ಒಂದು ದೊಡ್ಡ ಚಮಚ. ಅಡುಗೆ ಉಪ್ಪು ಮಾತ್ರ ಬೇಡವೇ ಬೇಡ, ಕ್ಲೋರಿನ್ ಬರುತ್ತದೆ. ಹಳೇ ಮಾದರಿಯ 12 ವೋಲ್ಟ್ ಚಾರ್ಜರ್‌ನ ನೆಗೆಟಿವ್ ಕ್ಲಿಪ್ಪನ್ನು ನಿಮ್ಮ ಸಾಮಾನಿಗೆ, ಪಾಸಿಟಿವ್ ಕ್ಲಿಪ್ಪನ್ನು ಬೇಡದ ಕಬ್ಬಿಣದ ಸರಳಿಗೆ ಸಿಕ್ಕಿಸಿ. ಎರಡೂ ಒಂದಕ್ಕೊಂದು ತಾಗಬಾರದು. ತಿರುಗಾಮುರುಗಾ ಆದರೆ ಸಾಮಾನೇ ಕರಗುತ್ತದೆ, ಎರಡು ಸಲ ನೋಡಿ ಸ್ವಿಚ್ ಹಾಕಿ. ಸರಳು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು. ಅದರಲ್ಲಿರುವ ಕ್ರೋಮಿಯಂ ವಿಷವಾಗಿ ನೀರಿಗಿಳಿಯುತ್ತದೆ. ಗುಳ್ಳೆಗಳಲ್ಲಿ ಬರುವುದು ಹೈಡ್ರೋಜನ್. ಹಾಗಾಗಿ ಬಯಲಿನಲ್ಲೇ ಮಾಡಿ, ಹತ್ತಿರ ಬೀಡಿ ಹಚ್ಚುವವರು ಇರಬಾರದು, ನೀರಿಗೆ ಕೈ ಹಾಕುವಾಗ ಕರೆಂಟ್ ತೆಗೆದಿರಬೇಕು. ಇದು ಉಳಿದ ಕಬ್ಬಿಣ ತಿನ್ನುವುದಿಲ್ಲ. ಅದೇ ಇದರ ದೊಡ್ಡ ಗುಣ.

ಗ್ರೈಂಡರ್ ಬಗ್ಗೆ ಕೇಳಲೇಬೇಡಿ ಅನ್ನಿಸುತ್ತದೆ, ಆದರೂ ಕೇಳುತ್ತಾರೆ. ಗುದ್ದಲಿ, ಹಾರೆಗೆ ಸರಿ. ಉಳಿ, ಕೊಡಲಿಯ ಅಲಗಿಗೆ ಬೇಡ. ಅಲಗು ನೀಲಿ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಕಾದಿದೆ, ಹದ ಇಳಿದಿದೆ ಅಂತ ಅರ್ಥ. ಆಮೇಲೆ ಎಷ್ಟು ಸಾಣೆ ಹಿಡಿದರೂ ಮೊನೆ ನಿಲ್ಲುವುದಿಲ್ಲ. ಕುಲುಮೆಗೆ ಒಯ್ದು ಮತ್ತೆ ಹದ ಹಾಕಿಸಬೇಕು.

ಎಣ್ಣೆ ಯಾವುದು ಅನ್ನುವುದೂ ಮುಖ್ಯ. ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಕಡಲೆಕಾಯಿ ಎಣ್ಣೆಯೇ ಕೈಗೆ ಸಿಗುತ್ತದೆ ನಿಜ. ಆದರೆ ಅದು ದಿನ ಕಳೆದಂತೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆ ಒಳ್ಳೆಯದು. ಈಳಿಗೆ ಮಣೆಗೆ ಕೊಬ್ಬರಿ ಎಣ್ಣೆ ಹಚ್ಚಿ, ತರಕಾರಿ ಹೆಚ್ಚುವುದು ಅದರಲ್ಲೇ ಅಲ್ವಾ. ಮರದ ಹಿಡಿಗೆ ಅಗಸೆ ಎಣ್ಣೆ. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳುವ ಎಣ್ಣೆ ಅದು. ಹರಡಿ ಒಣಗಿಸಿ.

"ನಮ್ಮದು ಒಣ ಸೀಮೆ, ತುಕ್ಕು ಏನಿದ್ರೂ ಮಂಗಳೂರಿನವರ ಕಷ್ಟ" ಅನ್ನುವವರಿದ್ದಾರೆ. ಭದ್ರಾ ಕಾಲುವೆ ಕೆಳಗಿನ ಗದ್ದೆಯಲ್ಲಿ ಭತ್ತ ಕೊಯ್ದ ಕುಡುಗೋಲನ್ನು ಅವರು ನೋಡಬೇಕು. ಹಸಿ ಕೆಸರು ಒರೆಸದೆ ಹಾಗೇ ಸಿಕ್ಕಿಸಿಟ್ಟರೆ ಬೆಳಗಾಗುವುದರೊಳಗೆ ಕೆಂಪು. ಅದಕ್ಕಿಂತ ಕೆಟ್ಟದ್ದು ಗೊಬ್ಬರದ ಚೀಲ. ಪೊಟ್ಯಾಷ್, ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತವೆ. ಅವುಗಳ ಮೇಲೆ ಉಪಕರಣ ಇಟ್ಟರೆ ಬೇಸಿಗೆಯಲ್ಲೂ ತುಕ್ಕು ತಪ್ಪದು. ಗೋಣಿಚೀಲದಲ್ಲಿ ಸುತ್ತಿಡುವುದೂ ಬೇಡ, ಅದು ಪಸೆ ಹಿಡಿದಿಡುತ್ತದೆ. ಗೋಡೆಯಿಂದ ಸ್ವಲ್ಪ ದೂರ, ಗಾಳಿಯಾಡುವಂತೆ ತೂಗುಹಾಕಿ. ಆಯುಧ ಪೂಜೆಯಲ್ಲಿ ಇಟ್ಟ ಹೂವು, ಗಂಧವನ್ನು ವಾರಗಟ್ಟಲೆ ಹಾಗೇ ಬಿಡುತ್ತೇವೆ. ಹಸಿ ಹೂವಿನ ಅಡಿಯಲ್ಲಿ ಅಚ್ಚು ಹೊಡೆದಂತೆ ತುಕ್ಕು ಕೂತಿರುತ್ತದೆ. ಪೂಜೆ ಮುಗಿದ ಮಾರನೇ ದಿನವೇ ತೆಗೆದು ಒರೆಸಿ, ಒಂದು ಹನಿ ಎಣ್ಣೆ ಹಚ್ಚಿ. ಪೂಜಿಸಿದ ಸಾಮಾನಿಗೆ ಅಷ್ಟು ಆರೈಕೆ ಸಲ್ಲಬೇಕು.

ಉಳಿದ ಆ ಕರಿ ನೀರು ಎಲ್ಲಿ ಚೆಲ್ಲೋದು ಅಂತಲೂ ಕೇಳುತ್ತಾರೆ. ನಿಂಬೆ ಉಪ್ಪಿನ ನೀರನ್ನು ಇನ್ನೊಂದೆರಡು ಸಲ ಬಳಸಬಹುದು, ಶಕ್ತಿ ಕಮ್ಮಿಯಾಗುತ್ತಾ ಹೋಗುತ್ತದೆ. ಸಾಕಾದಾಗ ಅಡುಗೆ ಸೋಡಾ ಹಾಕಿ, ನೊರೆ ನಿಂತ ಮೇಲೆ ಜಾಸ್ತಿ ನೀರು ಬೆರೆಸಿ, ಗಿಡ ಇಲ್ಲದ ಮಣ್ಣಿಗೆ ಸುರಿಯಿರಿ. ಅಂಗಳದ ಸಿಮೆಂಟಿನ ಮೇಲೆ ಮಾತ್ರ ಬೀಳಬಾರದು. ಆ ಕೆಂಪು ಕಲೆ ಸುಲಭಕ್ಕೆ ಹೋಗುವುದಿಲ್ಲ.