ರೋಲರ್ ಕೊನೆಗೂ ಹಗುರಾಯಿತು: ತೊಂದರೆ ಇದ್ದದ್ದು ರೋಲರಿನಲ್ಲಲ್ಲ

ಗೆದ್ದೆ! ವೀಲ್‌ಚೇರ್ ರೋಲರ್, ಅಂದರೆ ಕುರ್ಚಿಯನ್ನು ಮೇಲೆ ನಿಲ್ಲಿಸಿ ಇದ್ದಲ್ಲೇ ಚಕ್ರ ತಳ್ಳಲು ನಾನೇ ಮಾಡಿಕೊಂಡ ಉರುಳೆಗಳ ಚೌಕಟ್ಟು, ಈಗ ಸಲೀಸಾಗಿ ತಿರುಗುತ್ತಿದೆ. ನಾಲ್ಕು ಸಲ ತಳ್ಳಿ ಕೈ ಬಿಟ್ಟರೆ ಚಕ್ರ ತನ್ನಷ್ಟಕ್ಕೆ ಓಡುತ್ತಲೇ ಇರುತ್ತದೆ. ಹೋದ ವಾರದವರೆಗೂ ಕೈ ಬಿಟ್ಟ ತಕ್ಷಣ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತಿತ್ತು.

ಚೌಕಟ್ಟು ಕೊಯ್ದದ್ದು, ವೆಲ್ಡಿಂಗ್, ಬೇರಿಂಗ್ ಕೂರಿಸಿದ್ದು, ಕುರ್ಚಿ ಜಾರದಂತೆ ಪಟ್ಟಿ ಬಿಗಿದದ್ದು, ಇದೆಲ್ಲ ಹಳೆಯ ಕಥೆ. ಅದನ್ನು ಬಿಟ್ಟು ನೇರ ತಲೆನೋವಿನ ವಿಷಯಕ್ಕೆ ಬರುತ್ತೇನೆ.

ರೋಲರ್ ಯಾಕೆ ಬೇಕಾಯಿತು ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ನನ್ನದು ಬೆನ್ನುಹುರಿಯ ಟಿ10 ಮಟ್ಟದ (ಎದೆಭಾಗದ ಹತ್ತನೇ ಕಶೇರುಕದ ಮಟ್ಟ) ಗಾಯ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಎಂದಿದೆ. ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡುವ ಕೆಲಸ. ಮಳೆ, ಬಿಸಿಲು, ಗುಂಡಿ ಎಲ್ಲ ದಾಟಿ ಹೊರಗೇ ಅಷ್ಟು ತಳ್ಳುವುದು ಕಷ್ಟ. ಮನೆಯೊಳಗೆ ನಿಂತಲ್ಲೇ ತಳ್ಳಲು ಆದರೆ ನೆಪ ಹೇಳುವ ಹಾಗೇ ಇಲ್ಲ, ಅಲ್ವಾ?

ಆದರೆ ರೋಲರ್ ಹತ್ತಿದರೆ ಹತ್ತೇ ನಿಮಿಷಕ್ಕೆ ಭುಜದ ಮುಂಭಾಗದಲ್ಲಿ ಚುಚ್ಚಿದಂಥ ನೋವು. ಉಸಿರು ಏರುವ ಮೊದಲೇ ಭುಜ ಸೋಲುತ್ತಿತ್ತು. ಇದು ಸಣ್ಣ ವಿಷಯ ಅಲ್ಲ. ನಮಗೆ ಭುಜವೇ ಕಾಲು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಾರಿಗೆ, ಎಲ್ಲದಕ್ಕೂ ಅದೇ ಬೇಕು. ಆರೋಗ್ಯಕ್ಕೆಂದು ಮಾಡುವ ವ್ಯಾಯಾಮ ಭುಜವನ್ನೇ ತಿಂದರೆ ಆ ವ್ಯಾಯಾಮ ಬೇಡವೇ ಬೇಡ.

ತಳ್ಳುವ ರೀತಿ ಸರಿಯಾಗಿಯೇ ಇತ್ತು. ಉದ್ದನೆಯ, ನಯವಾದ ತಳ್ಳು. ಕೈ ವಾಪಸ್ ಬರುವಾಗ ಪುಶ್‌ರಿಮ್‌ಗಿಂತ (ಚಕ್ರದ ಪಕ್ಕದಲ್ಲಿ ಕೈಯಿಂದ ತಳ್ಳುವ ಬಳೆ) ಕೆಳಗಿಂದ ಸುತ್ತಿ ಬರುವುದು. ಆ ರಿಮ್ಮಿನ ಮೇಲ್ತುದಿಯಲ್ಲಿ ಕೈ ಇಟ್ಟಾಗ ಮೊಣಕೈ ಕೋನ 100ರಿಂದ 120 ಡಿಗ್ರಿ. ಫಿಸಿಯೋಥೆರಪಿಸ್ಟ್ ಕೂಡ ನೋಡಿ ಇದರಲ್ಲಿ ತಪ್ಪಿಲ್ಲ ಎಂದರು. ಹಾಗಾದರೆ ಭಾರ ಎಲ್ಲಿಂದ ಬರುತ್ತಿದೆ?

ರೋಲರಿನ ಸಾಮಾನು ಕೊಟ್ಟವರಿಗೆ ಫೋನ್ ಮಾಡಿದೆ. 'ಬೇರಿಂಗ್ ಬದಲಾಯಿಸಿ' ಎಂದರು. ಬದಲಾಯಿಸಿದೆ. ಫರಕ್ಕೇ ಇಲ್ಲ. 'ಟೈರಿಗೆ ಗಾಳಿ ಕಮ್ಮಿ ಇರಬೇಕು' ಎಂದರು. ಗಾಳಿ ಭರ್ತಿ ಇತ್ತು. ಕೊನೆಗೆ 'ರೋಲರ್ ಹಾಗೇ ಇರೋದು ಸಾರ್, ಅಭ್ಯಾಸ ಆಗುತ್ತೆ' ಎಂದರು. ಈ ಮಾತಿಗೆ ಮಾತ್ರ ನನಗೆ ನಿಜಕ್ಕೂ ಸಿಟ್ಟು ಬಂತು. ಸಾಧನದ ದೋಷಕ್ಕೆ ದೇಹವನ್ನು ಒಗ್ಗಿಸಿಕೋ ಎನ್ನುವುದನ್ನು ನಾವು ಬೇಕಾದಷ್ಟು ಕೇಳಿದ್ದೇವೆ.

ಸುಳಿವು ಕೊಟ್ಟದ್ದು ಧೂಳು. ರೋಲರ್ ಒರೆಸುವಾಗ ಬಟ್ಟೆಗೆ ಕಪ್ಪು ಪುಡಿ ಮೆತ್ತಿತು. ಬೆರಳಲ್ಲಿ ಉಜ್ಜಿದರೆ ಪೆನ್ಸಿಲ್ ರಬ್ಬರಿನ ಸಿಪ್ಪೆಯಂತೆ ಸುರುಳಿ ಸುತ್ತಿತು. ಟೈರಿನ ಮೈಮೇಲೆ ಅಡ್ಡಲಾಗಿ ಕೈ ಆಡಿಸಿದೆ. ಒಂದು ಕಡೆಗೆ ಎಳೆದರೆ ನುಣುಪು, ಇನ್ನೊಂದು ಕಡೆಗೆ ಎಳೆದರೆ ತರಿತರಿ. ಅಂದರೆ ಟೈರ್ ಬರೀ ಉರುಳುತ್ತಿಲ್ಲ, ಉರುಳುತ್ತಾ ಪಕ್ಕಕ್ಕೂ ಉಜ್ಜುತ್ತಿದೆ. ಎರಡು ಚಕ್ರ ಒಂದೇ ದಿಕ್ಕಿಗೆ ಮುಖ ಮಾಡಿಲ್ಲ. ಟೋ, ಅಂದರೆ ಚಕ್ರಗಳು ಮುಖ ಮಾಡಿರುವ ದಿಕ್ಕು, ತಪ್ಪಿದೆ!

ಅಳತೆ ತೆಗೆಯುವುದು ಹೀಗೆ. ಸಮತಟ್ಟಾದ ನೆಲದಲ್ಲಿ ಕುರ್ಚಿ ನಿಲ್ಲಿಸಿ ಅದರಲ್ಲಿ ಕುಳಿತಿರಬೇಕು, ಏಕೆಂದರೆ ನಮ್ಮ ಭಾರಕ್ಕೆ ಚೌಕಟ್ಟು ಸ್ವಲ್ಪ ಬಾಗುತ್ತದೆ. ಟೇಪನ್ನು ಇನ್ನೊಬ್ಬರು ಹಿಡಿಯಲಿ. ಅಚ್ಚಿನ ಎತ್ತರದಲ್ಲೇ, ಮುಂಭಾಗದಲ್ಲಿ ಎರಡೂ ರಿಮ್ಮಿಗೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ಅಂತರ ಅಳೆಯಿರಿ. ಆಮೇಲೆ ಅದೇ ಗುರುತು ಹಿಂಭಾಗಕ್ಕೆ ಬರುವವರೆಗೆ ಕುರ್ಚಿಯನ್ನು ಉರುಳಿಸಿ ಮತ್ತೆ ಅಳೆಯಿರಿ. ಗುರುತು ಬದಲಾದರೆ ರಿಮ್ಮಿನ ಸೊಟ್ಟವೂ ಲೆಕ್ಕಕ್ಕೆ ಸೇರಿ ದಾರಿ ತಪ್ಪಿಸುತ್ತದೆ. ನನ್ನ ಕುರ್ಚಿಯಲ್ಲಿ ಹಿಂದಿಗಿಂತ ಮುಂದೆ 7 ಮಿಲಿಮೀಟರ್ ಜಾಸ್ತಿ. ಎರಡು ಚಕ್ರವೂ ಮೂತಿಯನ್ನು ಹೊರಕ್ಕೆ ತಿರುಗಿಸಿಕೊಂಡು ನಿಂತಿದ್ದವು.

ಕಾರಣ? ಮುಂದಿನ ಕ್ಯಾಸ್ಟರ್, ಅಂದರೆ ಪುಟ್ಟ ಚಕ್ರ. ಕೆಟ್ಟ ರಸ್ತೆಗೆಂದು 4 ಇಂಚಿನದು ತೆಗೆಸಿ 6 ಇಂಚಿನದು ಹಾಕಿಸಿದ್ದೆ. ಕ್ಯಾಸ್ಟರಿನ ಅಚ್ಚು 1 ಇಂಚು ಮೇಲೇರಿತು, ಅದರ ಜೊತೆಗೆ ಕುರ್ಚಿಯ ಮುಂಭಾಗವೂ ಏರಿತು. ನನ್ನ ಹಿಂದಿನ ಚಕ್ರಗಳಿಗೆ 6 ಡಿಗ್ರಿ ಕ್ಯಾಂಬರ್ ಇದೆ, ಅಂದರೆ ಓರೆ: ಚಕ್ರದ ತಲೆ ಒಳಗೆ, ಬುಡ ಹೊರಗೆ. ಚೌಕಟ್ಟು ಹಿಂದಕ್ಕೆ ವಾಲಿದಾಗ ಕ್ಯಾಂಬರ್ ಟ್ಯೂಬೂ (ಎರಡೂ ಚಕ್ರದ ಅಚ್ಚು ಹಿಡಿದಿರುವ ಅಡ್ಡ ಕೊಳವೆ) ಅದರ ಜೊತೆ ತಿರುಗುತ್ತದೆ, ಮೇಲ್ಮುಖವಾಗಿದ್ದ ಅಚ್ಚಿನ ಹೊರತುದಿ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅಲ್ಲಿಗೆ ಚಕ್ರದ ಮುಖ ಹೊರಕ್ಕೆ. ಕ್ಯಾಂಬರ್ ಇಲ್ಲದ ಕುರ್ಚಿಗೆ ಈ ಕಾಟವೇ ಇಲ್ಲ. ಕ್ಯಾಸ್ಟರ್ ಹಾಕಿಕೊಟ್ಟ ಅಂಗಡಿಯವರು ಟ್ಯೂಬನ್ನೂ ಮತ್ತೆ ಹೊಂದಿಸಬೇಕಿತ್ತು. ಒಂದು ಮಾತೂ ಹೇಳದೆ ಕುರ್ಚಿ ಕೊಟ್ಟು ಕಳಿಸಿದರು. ಹೊರಗೆ ಓಡಾಡುವಾಗಲೂ ಇಷ್ಟು ದಿನ ನನ್ನ ತೋಳಿನ ಬಲ ಟೈರ್ ಉಜ್ಜುವುದಕ್ಕೇ ಹೋಗಿದೆ. ದೊಡ್ಡ ಕ್ಯಾಸ್ಟರ್ ಗುಂಡಿಗಳನ್ನು ಸುಲಭವಾಗಿ ದಾಟುತ್ತಿದ್ದುದರಿಂದ ಅಲ್ಲಿ ಅದು ಗೊತ್ತಾಗಲಿಲ್ಲ ಅಷ್ಟೇ.

ರಿಪೇರಿ ಅಲೆನ್ ಕೀ ಕೆಲಸ. ಟ್ಯೂಬಿನ ಕ್ಲ್ಯಾಂಪ್ ಸಡಿಲಿಸಿ, ಟ್ಯೂಬನ್ನು ಕೂದಲೆಳೆಯಷ್ಟು ತಿರುಗಿಸಿ, ಬಿಗಿದು, ಮತ್ತೆ ಅಳೆಯುವುದು. ಮುಂದೆ ಹಿಂದೆ ಎರಡೂ ಅಳತೆ ಸಮ ಬರುವವರೆಗೆ ಬಿಡಬೇಡಿ. ಇನ್ನೊಂದು: ಕುರ್ಚಿ ನೆಲದ ಮೇಲೆ ಎಷ್ಟು ವಾಲಿರುತ್ತದೋ ರೋಲರ್ ಮೇಲೂ ಅಷ್ಟೇ ವಾಲಿರಬೇಕು. ಅದಕ್ಕೆ ಕ್ಯಾಸ್ಟರ್ ಕೆಳಗೆ ತಕ್ಕ ಎತ್ತರದ ಹಲಗೆ ಕೊಡಿ, ಇಲ್ಲದಿದ್ದರೆ ಹೊಂದಿಸಿದ್ದೆಲ್ಲ ಮತ್ತೆ ಕೆಡುತ್ತದೆ. ಮುಂಭಾಗ ಏರಿದ ಕುರ್ಚಿ ಹಿಂದಕ್ಕೆ ಮಗುಚುವುದೂ ಜಾಸ್ತಿ, ಆಂಟಿ-ಟಿಪ್ಪರ್ (ಮಗುಚದಂತೆ ಹಿಂದೆ ತಡೆಯುವ ಊರುಗಾಲು) ಮರೆಯಬೇಡಿ.

ಈಗ ಇಪ್ಪತ್ತು ನಿಮಿಷ ತಳ್ಳಿದರೂ ಭುಜ ಸುಮ್ನಿದೆ, ಎದೆ ಮಾತ್ರ ಚೆನ್ನಾಗಿ ಬಡಿದುಕೊಳ್ಳುತ್ತದೆ. ನನಗೆ ಬೇಕಿದ್ದದ್ದು ಇದೇ! ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಇಟ್ಟುಕೊಂಡಿದ್ದೇನೆ. ಗಾಯ ಟಿ6 ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರುವ ಗೆಳೆಯರೇ, ನಿಮಗೆ ನಾಡಿ ಬಡಿತ ಅಷ್ಟಾಗಿ ಏರದೆ ಇರಬಹುದು. ವಾಚಿನ ಅಂಕಿ ನಂಬಬೇಡಿ, ಎಷ್ಟು ಶ್ರಮ ಅನಿಸುತ್ತಿದೆ ಎಂಬುದನ್ನು ನೋಡಿ. ಗಾಯದ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ, ಫ್ಯಾನ್ ಹತ್ತಿರ ಇರಲಿ. ಇದ್ದಕ್ಕಿದ್ದಂತೆ ತಲೆ ಸಿಡಿದು ಮುಖ ಕೆಂಪಾದರೆ ತಕ್ಷಣ ನಿಲ್ಲಿಸಿ, ನೆಟ್ಟಗೆ ಕೂತು, ನೆರವು ಕರೆಯಿರಿ. ನಡುನಡುವೆ ಮುಂದಕ್ಕೆ ಬಗ್ಗಿ ಪೃಷ್ಠದ ಒತ್ತಡ ಇಳಿಸುವುದು ಎಲ್ಲರಿಗೂ ಬೇಕು. ಕೊನೆಯಲ್ಲಿ ಸ್ವಲ್ಪ ಹೊತ್ತು ಹಿಮ್ಮುಖವಾಗಿ ಎಳೆಯುತ್ತೇನೆ, ಭುಜದ ಹಿಂದಿನ ಸ್ನಾಯುಗಳಿಗೂ ಕೆಲಸ ಸಿಗಲಿ ಎಂದು.

ಮುಂದಿನದು ಆಗಲೇ ತಲೆಯಲ್ಲಿ ಕೂತಿದೆ: ಕೈಯಿಂದ ತುಳಿಯುವ ಸೈಕಲ್, ಕುರ್ಚಿಯ ಮುಂದೆ ಸಿಕ್ಕಿಸುವಂಥದ್ದು. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗಿಸುವುದು ರಿಮ್ ತಳ್ಳುವುದಕ್ಕಿಂತ ಭುಜಕ್ಕೆ ಹಿತ. ಹಳೆಯ ಸೈಕಲ್ ಒಂದು ಸಿಕ್ಕಿದೆ. ಅದರ ಅಚ್ಚು ಚೌಕ ತುದಿಯದು, ಹಾಗಾಗಿ ಒಂದು ಕ್ರ್ಯಾಂಕ್ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕಿದರೆ ಎರಡೂ ಹಿಡಿಕೆ ಒಟ್ಟಿಗೆ ಸುತ್ತುತ್ತವೆ. ತಲೆ ಕೆಡಿಸಿರುವುದು ಕುರ್ಚಿಗೆ ಕಚ್ಚಿಸುವ ಕ್ಲ್ಯಾಂಪ್. ಅದು ಕ್ಯಾಸ್ಟರ್‌ಗಳನ್ನು ನೆಲದಿಂದ ಎತ್ತುತ್ತದೆ, ಅಂದರೆ ಮುಂಭಾಗ ಮತ್ತೆ ಏರುತ್ತದೆ, ಟೋ ಮತ್ತೆ ತಪ್ಪುತ್ತದೆ. ಟ್ಯೂಬಿಗೆ ಎರಡು ಗುರುತು ಕೊರೆದು, ಒಂದು ಮನೆಗೆ, ಒಂದು ಸೈಕಲ್ಲಿಗೆ ಎಂದು ಇಟ್ಟುಕೊಳ್ಳುವ ಯೋಚನೆ ಇದೆ. ಯಾರಾದರೂ ಈಗಾಗಲೇ ಹಾಗೆ ಮಾಡಿದ್ದರೆ ಕ್ಲ್ಯಾಂಪಿನ ಚಿತ್ರ ಕಳಿಸಿ.